ಕುದುರೆ ಜೀನಿಗೆ ಊದುಬತ್ತಿ

ಮೊನ್ನೆ ಶುಕ್ರವಾರ ಬೆಳಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ನಿಂತ್ರೆ, ವರಮಹಾಲಕ್ಷ್ಮಿ ಕಳಸದ ಪಕ್ಕ ನನ್ನ ಎರಡು ತಿಂಗಳ ಬೆನ್ನುನೋವು ಫಳಫಳ ಅಂತ ಹೊಳೀತಾ ಕೂತಿತ್ತು. ಅಷ್ಟು ಹೊಳೀಬಾರದಿತ್ತು. ಅದೇ ನನ್ನ ಗೋಳು.

ವಿಷಯ ಏನಪ್ಪಾ ಅಂದ್ರೆ, ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ವಾರವೆಲ್ಲಾ ಕಂಪ್ಯೂಟರ್ ಮುಂದೆ ಕೂತು ಶನಿವಾರನೂ ಕೂರೋಕೆ ಒಂದು ನೆಪ ಬೇಕು ಅಂತ ಇಲ್ಲೇ ಹತ್ತಿರದ, ಕುದುರೆ ಜೀನು ಮಾಡ್ತಿದ್ದ ರಿಟೈರ್ಡ್ ಮೇಷ್ಟ್ರ ಗ್ಯಾರೇಜಿಗೆ ಬೆಳ್ಳಿ ಕೆತ್ತೋದು ಕಲಿಯೋಕೆ ಹೋಗ್ತೀನಿ. ಇಲ್ಲಿ ಕುದುರೆ ಜೀನಿಗೆ ಬೆಳ್ಳಿ ಹಾಕ್ತಾರೆ ಸ್ವಾಮಿ. ಮೂಲೆಗಳಿಗೆ ತಗಡು, ಮುಂದಿನ ಕೊಂಬಿಗೆ ಟೋಪಿ, ಅಲ್ಲಲ್ಲಿ ಕಾಂಚೋ ಅಂತ ದುಂಡು ಬಿಲ್ಲೆಗಳು. ಸ್ಪೇನಿನವರು ಮೆಕ್ಸಿಕೋಗೆ ತಂದಿದ್ದು, ಅಲ್ಲಿಂದ ಇಲ್ಲಿಗೆ ಬಂದಿದ್ದು, ಹೆಸರು ಕೂಡ ಸ್ಪ್ಯಾನಿಷ್ಷೇ, ಕಾಂಚಾ ಅಂದ್ರೆ ಚಿಪ್ಪು. ಪಕ್ಕದ ನೆವಾಡಾದ ಎಲ್ಕೋ ಊರಿನ ಗಾರ್ಸಿಯಾ ಅನ್ನೋರು ಮಾಡಿದ ಜೀನು 1904ರಲ್ಲಿ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಹೊಡ್ಕೊಂಡು ಬಂತು. ಹಾಲಿವುಡ್ ಕೌಬಾಯ್‌ಗಳಿಗೆಲ್ಲಾ ಬೆಳ್ಳಿ ಜೀನು ಮಾಡಿಕೊಟ್ಟ ಬೋಲಿನ್ ಹುಟ್ಟಿದ್ದು ಸ್ವೀಡನ್ನಲ್ಲಿ. ಸ್ವೀಡನ್ನವರು ಮಾಡಬಹುದಾದ್ರೆ ತಿಪಟೂರಿನವನು ಯಾಕೆ ಮಾಡಬಾರದು ಅಂತ ನಾನೂ ಧೈರ್ಯ ಮಾಡಿದ್ದು.

ಧೈರ್ಯ ಮಾಡಿದ್ದಷ್ಟೇ ಸುಲಭ. ಬಿಲ್ಲೇನ ಬಿಸಿ ಅರಗಿನಲ್ಲಿ ಕೂರಿಸಿ, ಗ್ರೇವರ್ ಅನ್ನೋ ಸಣ್ಣ ಉಳಿ ಹಿಡ್ಕೊಂಡು, ಮೈಕ್ರೋಸ್ಕೋಪಲ್ಲಿ ಕಣ್ಣು ನೆಟ್ಟು ತಳ್ಳಬೇಕು. ಉಳಿ ಮುಖ ಕನ್ನಡಿ ಥರ ಪಾಲಿಶ್ ಆಗಿದ್ರೆ ಕೊರೆದ ಗೆರೆ ತಾನೇ ಹೊಳೆಯುತ್ತೆ, ಇಲ್ಲಾಂದ್ರೆ ಇಲಿ ಕಡಿದ ಹಾಗಿರುತ್ತೆ. ಕೈ ಜಾರಿದ್ರೆ ನೇರ ಎಡಗೈ ಹೆಬ್ಬೆರಳಿಗೆ. ಹೀಗೆ ಬಳ್ಳಿ ಚಿತ್ತಾರ ಕೆತ್ತುತಾ ಎರಡು ತಿಂಗಳು, ಆರು ಬಿಲ್ಲೆ. ಜನವರಿ 1ನೇ ತಾರೀಕು ಪಾಸಡೀನಾದಲ್ಲಿ ರೋಸ್ ಪರೇಡ್ ಅಂತ ಹೂವಿನ ರಥ, ಕುದುರೆಗಳ ಮೆರವಣಿಗೆ ಆಗುತ್ತಲ್ಲ, ಅದಕ್ಕೆ ಹೋಗೋ ಒಂದು ಹಳೇ ಜೀನನ್ನ ಮೇಷ್ಟ್ರು ರಿಪೇರಿ ಮಾಡ್ತಿದಾರೆ, ಅದಕ್ಕೆ ಹಾಕೋಕೆ ಇವು.

ಈ ಮಧ್ಯೆ ಅಮ್ಮ ಆರು ತಿಂಗಳಿಗೆ ಅಂತ ಬಂದ್ರು. ಬಂದ ವಾರವೇ, ನಾನು ನಮ್ಮನೆ ಗ್ಯಾರೇಜಲ್ಲಿ ಕೆತ್ತುತಾ ಕೂತಿದ್ದನ್ನ ಇಣುಕಿ ನೋಡಿ ಶುರು ಮಾಡಿದ್ರು.

"ಏನೋ ಅದು, ಒಂದು ಬಳ್ಳಿಗೆ ಒಂದು ವಾರನಾ? ನಮ್ಮೂರಲ್ಲಿ ಪಾತ್ರೆ ಅಂಗಡಿ ಹುಡುಗ ಎರಡು ನಿಮಿಷದಲ್ಲಿ ಹೆಸರು ಹಾಕ್ಕೊಡ್ತಾನೆ ಕಣೋ. ಟರ್ರ್ ಅಂತ."

ಆ ಪಾತ್ರೆ ಅಂಗಡಿ ಹುಡುಗ ಅವತ್ತಿಂದ ನಮ್ಮನೇಲೇ ಇದಾನೆ. ಊಟಕ್ಕೆ ಕೂತ್ರೆ ಅವನು, ಕಾರಲ್ಲಿ ಹೋದ್ರೆ ಅವನು. ನೆಂಟರ ಜೊತೆ ವಿಡಿಯೋ ಕಾಲ್‌ನಲ್ಲಿ, "ಇವನು ಬೆಳ್ಳಿ ಮೇಲೆ ಕೆತ್ತುತಾನಂತೆ, ಅದೇ ನಮ್ಮ ಪಾತ್ರೆ ಅಂಗಡಿ ಹುಡುಗ ಮಾಡ್ತಾನಲ್ಲ, ಅದು. ಆದ್ರೆ ಇವನಿಗೆ ಟೈಮ್ ಬೇಕು." ಆ ಹುಡುಗನಿಗೆ ಟರ್ರ್ ಅನ್ನೋ ಮಷೀನಿದೆ, ಅವನು ಹಾಕೋದು ಚುಕ್ಕಿ, ನಾನು ಕೊರೆಯೋದು ಗೆರೆ ಅಂತೆಲ್ಲಾ ಹೇಳಿದೆ. "ಹೂಂ, ಅವನ ಚುಕ್ಕಿ ಎಷ್ಟು ನೀಟು ಗೊತ್ತಾ" ಅಂದ್ರು. ಉಕ್ಕಿನಲ್ಲಿ ಸಣ್ಣ ತೋಡು ಕೊರೆದು ಬೆಳ್ಳಿ ಎಳೆ ಬಡಿದು ಕೂರಿಸೋದು ಮುಂದಿನ ಪಾಠ ಅಂದಿದ್ದಕ್ಕೆ, "ಅದು ಬೀದರಲ್ಲೇ ಮಾಡ್ತಾರಲ್ಲ, ಅದಕ್ಯಾಕೆ ಇಷ್ಟು ದೂರ ಬಂದೆ?" ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಬೀದರ್ ಅಂದಾಗಲೇ ನಾನು ಎಚ್ಚೆತ್ತುಕೋಬೇಕಿತ್ತು. ಮದುವೆಗೆ ಬಂದಿದ್ದ ಬಿದರಿ ಹೂಜಿ ತಿಪಟೂರು ಮನೆ ಶೋಕೇಸಲ್ಲಿತ್ತು. ಬೀದರಲ್ಲಿ ಕೋಟೆ ಮಣ್ಣಿಗೆ ನವಸಾಗರ ಕಲೆಸಿ ಹಚ್ಚಿದ್ರೆ ಸತುವಿನ ಮೈಯೆಲ್ಲಾ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ, ಚೆಂದ ಇರೋದೇ ಅದರಲ್ಲಿ. ಒಂದು ದೀಪಾವಳಿಗೆ ಅಮ್ಮ ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದಾರೆ. ಈಗದು ಅಲ್ಯೂಮಿನಿಯಂ ಚೊಂಬಿನ ಹಾಗಿದೆ.

ನನ್ನ ಬಿಲ್ಲೆಗಳಿಗೂ ಕಪ್ಪೇ ಜೀವಾಳ. ಬಳ್ಳಿಯ ಹಿಂದಿನ ಜಾಗಕ್ಕೆ ಗಂಧಕದ ದ್ರಾವಣ ಹಚ್ಚಿ ಕಪ್ಪು ಮಾಡ್ತಾರೆ, ಆಗಲೇ ಕೆತ್ತನೆ ಎದ್ದು ಕಾಣೋದು. ಅದರ ವಾಸನೆ ಇದೆಯಲ್ಲ, ಥೇಟ್ ಕೊಳೆತ ಮೊಟ್ಟೆ. ಗುರುವಾರ ಸಂಜೆ ಆ ಕೆಲಸ ಮುಗಿಸಿ ಒಳಗೆ ಬಂದ್ರೆ ಅಮ್ಮ ಮೂಗು ಮುಚ್ಕೊಂಡು ನಿಂತಿದಾರೆ. "ನಾಳೆ ಹಬ್ಬ ಇಟ್ಕೊಂಡು ಮೊಟ್ಟೆ ತಿಂದ್ಯಾ?" ಇಲ್ಲಮ್ಮ ಅದು ಕೆಮಿಕಲ್ಲು ಅಂದ್ರೆ ನಂಬಬೇಕಲ್ಲ. ಕಸದ ಬುಟ್ಟಿ ಮುಚ್ಚಳ ತೆಗೆದು ನೋಡಿದ್ರು, ಮೊಟ್ಟೆ ಸಿಪ್ಪೆ ಇದೆಯಾ ಅಂತ. ನನ್ನ ಹೆಂಡ್ತಿ ನಗು ತಡೀಲಾರದೆ ಮಹಡಿ ಹತ್ತಿ ಹೋದ್ಲು.

ನಾನು ಮಲಗಿದ ಮೇಲೆ ಅಮ್ಮ ಹಬ್ಬಕ್ಕೆ ಅಂತ ಮನೇಲಿದ್ದ ಬೆಳ್ಳಿನೆಲ್ಲಾ ಹುಡುಕಿ ತಂದು, ಊರಿಂದ ಸೂಟ್‌ಕೇಸಲ್ಲಿ ತಂದಿದ್ದ ವಿಭೂತಿ ಹಾಕಿ ಉಜ್ಜಿದಾರೆ. ಗ್ಯಾರೇಜಲ್ಲಿದ್ದಿದ್ದೂ ಸೇರಿ. ಆರು ಬಿಲ್ಲೆಯ ಕಪ್ಪೂ ಹೋಗಿ, ಸಣ್ಣ ಗೆರೆಗಳಲ್ಲೆಲ್ಲಾ ವಿಭೂತಿ ಮೆತ್ಕೊಂಡು, ಬಳ್ಳಿ ಯಾವುದು ಬಯಲು ಯಾವುದು ಗೊತ್ತಾಗ್ತಿರಲಿಲ್ಲ. ಅಷ್ಟೇ ಆಗಿದ್ರೆ ಸುಮ್ಮನಿರ್ತಿದ್ನೇನೋ. ಬಿಲ್ಲೆ ಹಿಂಭಾಗದಲ್ಲಿ ಸ್ಕ್ರೂ ಕೂರೋಕೆ ಅಂತ ಒಂದು ಸಣ್ಣ ಕೊಳವೆ ಬೆಸುಗೆ ಹಾಕಿರ್ತೀವಿ. ಅಮ್ಮ ಬಿಲ್ಲೆಗಳನ್ನ ಬೋರಲು ಮಾಡಿ, ಅಕ್ಕಿ ಹರವಿ ಅದರ ಮೇಲೆ ಕೂರಿಸಿ, ಆರೂ ಕೊಳವೆಗೆ ಊದುಬತ್ತಿ ಸಿಗಿಸಿದಾರೆ. ಎಂಥಾ ಅಳತೆ ಅಂತೀರಾ, ಹೇಳಿ ಮಾಡಿಸಿದ ಹಾಗೆ ಕೂತಿತ್ತು.

"ಊದುಬತ್ತಿ ಸ್ಟ್ಯಾಂಡು ಚೆನ್ನಾಗಿ ಮಾಡಿದೀಯ ಕಣೋ, ಮೊದಲೇ ಹೇಳೋದಲ್ವಾ. ನಾನು ಏನೋ ಕುದುರೆಗೆ ಅನ್ಕೊಂಡಿದ್ದೆ" ಅಂದ್ರು.

ಊರಿಂದ ಬಂದಾಗಿಂದ ಅವರ ಬಾಯಲ್ಲಿ ಬಂದ ಮೊದಲ ಹೊಗಳಿಕೆ. ಬೈಯೋಕೆ ಬಾಯೇ ಬರಲಿಲ್ಲ.

ಮರುದಿನ ಮೇಷ್ಟ್ರಿಗೆ ತೋರಿಸಿದೆ. ಅವರು ಮೂಸಿ ನೋಡಿ, ಶ್ರೀಗಂಧನಾ ಅಂದ್ರು. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕು, ಪರೇಡ್ ಹಿಂದಿನ ದಿನ ಇಲ್ಲಿ ಗಿರಾಕಿಗಳೂ ಪಾಲಿಶ್ ಪೇಸ್ಟ್ ಬಳಿದು ಜೀನಿನ ಚರ್ಮದಲ್ಲಿ ಕೆತ್ತಿರೋ ಹೂವಿನೊಳಗೆಲ್ಲಾ ಬಿಳೀ ಗಸಿ ತುಂಬಿಸಿ ಇಡ್ತಾರೆ, ನಿಮ್ಮ ತಾಯಿಯದು ಪರವಾಗಿಲ್ಲ, ವಾಸನೆನಾದ್ರೂ ಚೆನ್ನಾಗಿದೆ ಅಂದ್ರು. ಹಲ್ಲುಜ್ಜೋ ಬ್ರಷ್ಷಲ್ಲಿ ವಿಭೂತಿ ತೆಗೀತಾ ಇಡೀ ಶನಿವಾರ ಕಳೆದೆ. ಮತ್ತೆ ಗಂಧಕ, ಮತ್ತೆ ಮೊಟ್ಟೆ, ಈ ಸಲ ಹಿತ್ತಲಲ್ಲಿ.

ಭಾನುವಾರ ಅಮ್ಮ ಒಂದು ಬೆಳ್ಳಿ ಲೋಟ ತಂದು ಮುಂದಿಟ್ರು. ತಾತಂದು. ಪಂಚಾಮೃತಕ್ಕೆ ಅಂತ ಊರಿಂದ ತಂದಿದ್ರು. ಅದರ ಮೇಲೆ ತಾತನ ಹೆಸರಿತ್ತು, ನಾನು ಚಿಕ್ಕವನಿದ್ದಾಗ ಅಕ್ಷರದ ಮೇಲೆ ಬೆರಳಾಡಿಸಿ ಓದ್ತಿದ್ದೆ. ಈಗ ಬೆಳಕಿಗೆ ಓರೆ ಹಿಡಿದ್ರೆ ಒಂದು ದೀರ್ಘ, ಅರ್ಧ ಒತ್ತು ಕಾಣುತ್ತೆ ಅಷ್ಟೇ. ಮಿಕ್ಕಿದ್ದೆಲ್ಲಾ ನಲವತ್ತು ವರ್ಷದ ಹಬ್ಬಗಳಲ್ಲಿ ವಿಭೂತಿ ಜೊತೆ ಹೋಗಿದೆ. ಅಮ್ಮ ಸೆರಗಲ್ಲಿ ಅದನ್ನ ಇನ್ನೊಂದ್ಸಲ ಒರೆಸಿದ್ರು.

"ನಾನೇ ಉಜ್ಜಿ ಉಜ್ಜಿ ಅಳಿಸಿಬಿಟ್ಟೆ ಕಣೋ. ಮತ್ತೆ ಹಾಕ್ಕೊಡು. ಎರಡು ನಿಮಿಷದ ಕೆಲಸ."

ಮೂರು ದಿನ ಆಯ್ತು, ಆಫೀಸು ಮುಗಿಸಿ ದಿನಾ ಕೂರ್ತಿದೀನಿ. ಕಾಂಚೋ ಬಳ್ಳಿಗಿಂತ ಕನ್ನಡದ 'ಶ್ರೀ' ಕಷ್ಟ ಮಾರಾಯ್ರೆ, ಎಲ್ಲಿ ನೋಡಿದ್ರೂ ತಿರುವು. ಇನ್ನೂ ರ ಒತ್ತಿಗೆ ಬಂದಿದೀನಿ. ಬಾಗಿಲ ಹತ್ರ ಚಪ್ಪಲಿ ಸದ್ದು ಕೇಳಿಸ್ತಿದೆ, ಆ ಹುಡುಗನ್ನ ಜೊತೇಲಿ ಕರ್ಕೊಂಡು ಬರ್ತಿದಾರೆ ಅನ್ಸುತ್ತೆ.