ಬೆಂಚಿನ ಮೇಲೆ ಕಾದ ಗೋಲ್‌ಕೀಪರ್

ಭಾರತದ ಫುಟ್‌ಬಾಲ್ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಕುರಿತು ನಾನು ಓದಿದ ಲೇಖನವೊಂದು, ಅವರು 2014ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ್ದನ್ನೂ, 2016ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಪಂದ್ಯವಾಡಿದ ಮೊದಲ ಭಾರತೀಯರಾದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನನ್ನ ದೃಷ್ಟಿಯಲ್ಲಿ ಅವರ ಕಥೆಯ ತಿರುಳಿರುವುದು ಆ ಎರಡು ಇಸವಿಗಳ ನಡುವಿನ ಕಾಯುವಿಕೆಯಲ್ಲಿ. ಮುಂಪಡೆಯ ಆಟಗಾರನಿಗಾದರೆ ಕೊನೆಯ ಹತ್ತು ನಿಮಿಷಕ್ಕಾದರೂ ಮೈದಾನಕ್ಕಿಳಿಯುವ ಅವಕಾಶ ಸಿಕ್ಕೀತು; ಗೋಲ್‌ಕೀಪರ್‌ಗೆ ಇರುವುದು ಒಂದೇ ಜಾಗ, ಅಲ್ಲಿ ನಿಂತವನು ಗಾಯಗೊಳ್ಳುವವರೆಗೆ ಅಥವಾ ಲಯ ತಪ್ಪುವವರೆಗೆ ಎರಡನೆಯವನಿಗೆ ಬೆಂಚೇ ಗತಿ. ವೇಲ್ಸ್‌ನ ಕಾನಾಸ್ ಕೀ ತಂಡದ ಎದುರಿನ ಆ ಚಾರಿತ್ರಿಕ ಪಂದ್ಯದಲ್ಲಿಯೂ ಅವರು ಗಾಯಗೊಂಡು ನಡುವೆಯೇ ಹೊರಬರಬೇಕಾಯಿತು ಎಂಬುದನ್ನು ಲೇಖಕರು ಏಕೋ ಬಿಟ್ಟಿದ್ದಾರೆ.

ನಮ್ಮ ಬಳ್ಳಾರಿಯವರಿಗೆ ಅವರು ತೀರ ದೂರದವರಲ್ಲ. 2017ರಲ್ಲಿ ಅವರು ಸೇರಿದ ಬೆಂಗಳೂರು ಎಫ್‌ಸಿಯ ಒಡೆತನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ನಡೆಸುವ ಜೆಎಸ್‌ಡಬ್ಲ್ಯೂ ಸಮೂಹದ್ದೇ. ಆದರೂ ನಮ್ಮ ಬಡಾವಣೆಯ ಬಯಲಿನಲ್ಲಿ ಸಂಜೆ ಎರಡು ಜೊತೆ ಚಪ್ಪಲಿಗಳನ್ನೇ ಗೋಲುಕಂಬವಾಗಿಸಿ ಆಡುವ ಹುಡುಗರು, ಆಟ ಬಾರದ ಪುಟ್ಟವನನ್ನು ಹುಡುಕಿ ಗೋಲಿಗೆ ನಿಲ್ಲಿಸುತ್ತಾರೆ. ಕೆಂಪು ಗರಸಿನ ಮೇಲೆ ಹಾರಿಬಿದ್ದರೆ ಮೊಣಕೈ ತರಚುವುದು ಖಚಿತವಾದ್ದರಿಂದ ಅವನು ಚೆಂಡನ್ನು ಕಾಲಿನಿಂದಲೇ ತಡೆಯಲು ನೋಡುತ್ತಾನೆ. ಹಾರಿ ಹಿಡಿಯುವುದನ್ನು ಕಲಿಯಲು ಮೊದಲು ಬೇಕಾದದ್ದು ಹುಲ್ಲು. ಸಂಧು ಅವರು ಹುಡುಗನಾಗಿದ್ದಾಗ ಎಂತಹ ನೆಲದ ಮೇಲೆ ಬಿದ್ದು ಕಲಿತರು ಎಂಬುದನ್ನು ಲೇಖಕರು ಇನ್ನೊಮ್ಮೆ ಬರೆದರೆ ನಾನಂತೂ ಆಸಕ್ತಿಯಿಂದ ಓದುತ್ತೇನೆ.