ಮ್ಯಾಲಿಂದ ಹೋಗ್ಯಾದ್ರೀ

ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಮತ್ತೊಂದು ಸುದ್ದಿ ಬಂದಿದೆ. ಓದೋಣ ಅಂತ ಕೂತೆ, ಕರೆಂಟ್ ಹೋಯಿತು. ರಾಯಚೂರಿನವರಿಗೆ ಎರಡನೆಯದು ಸುದ್ದಿಯೇ ಅಲ್ಲ ಬಿಡಿ. ಮೊಬೈಲಿನಲ್ಲಿ 17 ಪರ್ಸೆಂಟ್ ಚಾರ್ಜ್ ಇತ್ತು. ಮನುಕುಲದ ಪ್ರಗತಿಯನ್ನು ಅಷ್ಟರಲ್ಲೇ ಓದಿ ಮುಗಿಸಬೇಕಿತ್ತು.

ಗೂಗಲ್‌ನ ವಿಲ್ಲೋ ಅನ್ನೋ ಕ್ವಾಂಟಮ್ ಚಿಪ್ ಕಥೆ ನಿಮಗೆ ಗೊತ್ತೇ ಇದೆ. 2024ರ ಡಿಸೆಂಬರ್‌ನಲ್ಲಿ ಬಂದದ್ದು, 105 ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರ್ ಲೆಕ್ಕ ಮಾಡುವ ಮೂಲ ಘಟಕ). ಸೂಪರ್ ಕಂಪ್ಯೂಟರಿಗೆ ಒಂದರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷ ಹಿಡಿಯುವ ಲೆಕ್ಕವನ್ನು ಐದು ನಿಮಿಷದೊಳಗೆ ಮುಗಿಸಿತು ಅಂತ ಅವರೇ ಹೇಳಿಕೊಂಡರು. ಬ್ರಹ್ಮಾಂಡಕ್ಕೇ ಇನ್ನೂ 1,380 ಕೋಟಿ ವರ್ಷ ಪ್ರಾಯ! ಆ ಲೆಕ್ಕದಿಂದ ಏನು ಉಪಯೋಗ ಅಂದಿರಾ? ಏನೂ ಇಲ್ಲ. ತಾಕತ್ತು ತೋರಿಸಲೆಂದೇ ಇಟ್ಟ ಪರೀಕ್ಷೆ ಅದು. ಜಾತ್ರೆಯಲ್ಲಿ ಗುಂಡು ಎತ್ತುತ್ತಾರಲ್ಲ, ಹಾಗೆ. ಪೈಲ್ವಾನ ಎತ್ತಿದ, ಜನ ಸಿಳ್ಳೆ ಹೊಡೆದರು, ಗುಂಡು ಮತ್ತೆ ಅಲ್ಲೇ ಬಿತ್ತು.

ನನ್ನ ಲೆಕ್ಕ ಸಣ್ಣದು. ಕರೆಂಟ್ ಎಷ್ಟೊತ್ತಿಗೆ ಬರುತ್ತದೆ? ಲೈನ್‌ಮನ್‌ಗೆ ಫೋನ್ ಹಚ್ಚಿದೆ.

"ಮ್ಯಾಲಿಂದ ಹೋಗ್ಯಾದ್ರೀ ಸರ."

ಈ 'ಮ್ಯಾಲೆ' ಅನ್ನೋ ಜಾಗ ಎಲ್ಲಿದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಮಾಳಿಗೆ ಹತ್ತಿ ನೋಡಿದರೆ ನಕ್ಷತ್ರ ಕಾಣುತ್ತವೆ. ಬೀದಿದೀಪವೂ ಇಲ್ಲದ್ದಕ್ಕೆ ಚೆನ್ನಾಗೇ ಕಾಣುತ್ತವೆ. ಎಲ್‌ಸಿ ತಗೊಂಡಾರ (ರಿಪೇರಿಗೆ ಲೈನ್ ಬಂದ್), ಜಂಪ್ ಕಟ್ಟಾಗ್ಯಾದ (ಕಂಬದ ಮೇಲಿನ ಜೋಡು ತಂತಿ), ಟಿಸಿ ಸುಟ್ಟಾದ (ಟ್ರಾನ್ಸ್‌ಫಾರ್ಮರ್), ಇವೆಲ್ಲ ನಮ್ಮ ಓಣಿಯ ಹುಡುಗರಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ. ಲೈನ್‌ಮನ್‌ನದೇನೂ ತಪ್ಪಿಲ್ಲ, ಪಾಪ. ಮಳೆಯಲ್ಲಿ ಕಂಬ ಹತ್ತುವವನು ಅವನು. 'ಮ್ಯಾಲೆ' ಇರುವವರು ಹತ್ತುವುದಿಲ್ಲ.

ಅಂದಹಾಗೆ, ಆ ಚಿಪ್ಪಿಗೆ ಬೇಕಾದ ಚಳಿ ಎಷ್ಟು ಗೊತ್ತಾ? ಹೆಚ್ಚುಕಡಿಮೆ ಮೈನಸ್ 273 ಡಿಗ್ರಿ. ಅದಕ್ಕಿಂತ ತಣ್ಣಗೆ ಯಾವುದೂ ಆಗಲಾರದು. ಇದನ್ನು ಓದುವಾಗ ನನ್ನ ಬನಿಯನ್ ಬೆನ್ನಿಗೆ ಅಂಟಿತ್ತು.

ಚಳಿ ಅಂದಾಗ ನೆನಪಾಯಿತು. ಒಂದಿಷ್ಟೂ ಕರೆಂಟ್ ಸೋರದ ತಂತಿಯ ಕನಸು ಇವತ್ತಿನದಲ್ಲ. 1911ರಲ್ಲೇ ಹಾಲೆಂಡಿನ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ಇಳಿಸಿ, ಅದರಲ್ಲಿ ಕರೆಂಟ್ ಯಾವ ತಡೆಯೂ ಇಲ್ಲದೆ ಹರಿಯುತ್ತದೆ ಅಂತ ಕಂಡುಕೊಂಡರು. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದವರು ಎಲ್‌ಕೆ-99 ಅನ್ನೋ ಕಪ್ಪು ಹರಳು ಹಿಡಿದು ಬಂದರು. ಕೋಣೆಯ ಶಾಖದಲ್ಲೇ ಇದೂ ಹಾಗೇ ಅಂದರು. 127 ಡಿಗ್ರಿವರೆಗೂ ಪರವಾಗಿಲ್ಲ ಅಂದರು. ನಮ್ಮ ಮೇ ತಿಂಗಳ ಕೋಣೆಯನ್ನೂ ಲೆಕ್ಕಕ್ಕೆ ಹಿಡಿದ ವಿಜ್ಞಾನಿಗಳು ಇವರೊಬ್ಬರೇ ಅಂತ ನನಗೆ ಭಾರಿ ಖುಷಿ. ಕೆಲವೇ ವಾರದಲ್ಲಿ ಬೇರೆ ಲ್ಯಾಬಿನವರು ಮಾಡಿ ನೋಡಿ, ಹಾಗೇನಿಲ್ಲ ಅಂದುಬಿಟ್ಟರು. ಅದೂ ಮ್ಯಾಲಿಂದಲೇ ಹೋಯಿತು.

ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆಯನ್ನು ಕಟ್ಟಿದವನು ನಮ್ಮ ಕಡೆಯವನೇ ಇರಬೇಕು. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರಗಳನ್ನೇ ನೋಡಿ: ಶಕ್ತಿನಗರದಲ್ಲಿ 1720 ಮೆಗಾವ್ಯಾಟ್. ಯರಮರಸ್‌ನಲ್ಲಿ 1600. ಪಕ್ಕದ ಬಳ್ಳಾರಿಯ ಕುಡತಿನಿಯಲ್ಲಿ 1700. ಕುಷ್ಟಗಿ ಕಡೆ ಹೋದರೆ ಹೊಲದ ತುಂಬ ಗಾಳಿಯಂತ್ರಗಳು. ಕರೆಂಟ್ ಹೋದ ಹೊತ್ತಿನಲ್ಲಿ ಈ ಭಾಗದಲ್ಲಿ ತಿರುಗುವ ಫ್ಯಾನ್ ಅಂದರೆ ಅವೇ. ನಮ್ಮ ದೇಶದ ಕಲ್ಲಿದ್ದಲಲ್ಲಿ ಸುಮಾರು ಮೂರನೇ ಒಂದು ಪಾಲು ಬೂದಿ. ಕರೆಂಟ್ ತಂತಿ ಹಿಡಿದು ದೂರ ಹೋಗುತ್ತದೆ. ಬೂದಿಗೆ ತಂತಿ ಇಲ್ಲ, ಅದು ಇಲ್ಲೇ ಇರುತ್ತದೆ.

ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನವರು ಡೇಟಾ ಸೆಂಟರಿಗೆ ಕರೆಂಟ್ ಬೇಕು ಅಂದರು. 2019ರಲ್ಲಿ ಮುಚ್ಚಿದ್ದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರವನ್ನು ಮತ್ತೆ ಶುರು ಮಾಡಲು 2024ರಲ್ಲಿ 20 ವರ್ಷದ ಕರಾರೇ ಆಯಿತು. ಕಂಪ್ಯೂಟರ್ ಒಂದು ಮಾತು ಹೇಳಿದರೆ ಸಾಕು, ಮುಚ್ಚಿದ ಬಾಗಿಲು ತೆರೆಯುತ್ತದೆ. ಇಲ್ಲಿ ನಾಳೆ ಪರೀಕ್ಷೆ ಇರುವ ಹುಡುಗಿ ಕಟ್ಟೆ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಓದುತ್ತಿದ್ದಾಳೆ. ಅವಳು ಯಾರಿಗೆ ಹೇಳಬೇಕು? ನಗಿಸಲಿಕ್ಕೆ ಅಂತಲೇ ಬರೆಯಲು ಕೂತವನು ನಾನು. ಈ ಸಾಲಿಗೆ ಬಂದಾಗ ನಗು ಬರುತ್ತಿಲ್ಲ. ಸಾಕಾಗಿದೆ.

ಚಾರ್ಜ್ 3 ಪರ್ಸೆಂಟಿಗೆ ಬಂದಾಗ ಫೋನ್ ಬಂತು. ಲೈನ್‌ಮನ್.

"ಸರ, ನಿಮ್ಮ ಕಡಿ ಕರೆಂಟ್ ಬಂತೇನ್ರೀ? ಇಲ್ಲಿ ನಮಗ ತಿಳೀವಲ್ದು. ಫ್ಯಾನ್ ನೋಡಿ ಹೇಳ್ರಿ."