ಸಂಸಾರ ಹೂಡಲು ದುಬೈಗಿಂತ ಅಬುಧಾಬಿ ಮೇಲೇ?

ಪರ
(ವಿರಾಜಪೇಟೆ ಕಡೆಯವರು, ಅಬುಧಾಬಿಯಲ್ಲಿ ಹನ್ನೊಂದು ವರ್ಷ)

ಮೇಲು. ಇದರಲ್ಲಿ ಚರ್ಚೆಗೆ ಏನಿದೆ ಅಂತಲೇ ನನಗೆ ಗೊತ್ತಾಗುತ್ತಿಲ್ಲ.

ಎರಡೂ ಮರಳುಗಾಡಿನ ಕಡಲೂರುಗಳು. ನಡುವೆ ಸುಮಾರು 140 ಕಿಲೋಮೀಟರ್ ದಾರಿ. ಬಿಸಿಲು ಎರಡೂ ಕಡೆ ಒಂದೇ. ಬೇರೆ ಇರುವುದು ಬದುಕಿನ ಓಟ. ಅಬುಧಾಬಿಯಲ್ಲಿ ಕೆಲಸ ಮುಗಿಸಿ ಬಂದ ಮೇಲೂ ಮಕ್ಕಳನ್ನು ಕಾರ್ನಿಶ್ ಕಡಲತೀರಕ್ಕೆ ಕರೆದೊಯ್ಯುವಷ್ಟು ಹೊತ್ತು ಉಳಿಯುತ್ತದೆ. ನನ್ನ ದೊಡ್ಡಪ್ಪನ ಮಗನಿಗೆ ಕೆಲಸ ದುಬೈಯಲ್ಲಿ. ಬಾಡಿಗೆ ಜಾಸ್ತಿ ಅಂತ ಮನೆ ಮಾಡಿದ್ದು ಶಾರ್ಜಾದಲ್ಲಿ. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಕಾರಿನಲ್ಲೇ. ಅವನ ಮಗಳು ಅಪ್ಪನ ಮುಖ ನೋಡುತ್ತಿದ್ದದ್ದು ರಜೆ ದಿನ ಮಾತ್ರ.

ಹಸಿರು ಬೇಕೆಂದರೆ ಜುಬೈಲ್ ದ್ವೀಪದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿದೆ. ಹಲಗೆ ಹಾಸಿದ ದಾರಿಯಲ್ಲಿ ಸುಮ್ನೆ ನಡೆಯಬಹುದು. ತೋಟದಲ್ಲಿ ಬೆಳೆದವನಿಗೆ ಅದು ಸಣ್ಣ ಮಾತಲ್ಲ.

ದುಬೈಯವರು 828 ಮೀಟರ್‌ನ ಬುರ್ಜ್ ಖಲೀಫಾ ತೋರಿಸುತ್ತಾರೆ. ಕಟ್ಟುವಾಗ ಅದರ ಹೆಸರು ಬುರ್ಜ್ ದುಬೈ! 2009ರಲ್ಲಿ ದುಬೈ ಸಾಲದಲ್ಲಿ ಸಿಕ್ಕಿಕೊಂಡಾಗ ಕೈಹಿಡಿದದ್ದು ಅಬುಧಾಬಿ. 2010ರ ಜನವರಿಯಲ್ಲಿ ಉದ್ಘಾಟನೆಯ ದಿನವೇ ಹೆಸರು ಬದಲಾಯಿತು. ಖಲೀಫಾ ಆಗ ಯಾವ ಊರಿನ ದೊರೆಯಾಗಿದ್ದರು ಅಂತ ಅವರನ್ನೇ ಕೇಳಿ, ಅಬುಧಾಬಿ ಅನ್ನಲೇಬೇಕು.

ಅಬುಧಾಬಿಯಲ್ಲಿ ಮೆಟ್ರೋ ಇಲ್ಲ ಅಲ್ವಾ ಅನ್ನುತ್ತಾರೆ. ಮೆಟ್ರೋದೊಳಗೆ ಸಂಸಾರ ಹೂಡೋಕಾಗುತ್ತಾ?

2024ರ ಏಪ್ರಿಲ್ 16 ನೆನಪಿರಬೇಕು. ನಮ್ಮಲ್ಲಿ ಕಾಫಿಗೆ ಹೂಮಳೆ ಕಾಯುವ ಹೊತ್ತು. ಅಲ್ಲಿ ಮಳೆ ಸುರಿದು ದುಬೈ ವಿಮಾನ ನಿಲ್ದಾಣದ ರನ್‌ವೇ ಕೆರೆಯಾಗಿತ್ತು. ಅದೇ ದೊಡ್ಡಪ್ಪನ ಮಗ ಕಾರನ್ನು ನೀರಿನಲ್ಲೇ ಬಿಟ್ಟು ಮನೆಗೆ ನಡೆದ. ಮುಗಿಲು ಮುಟ್ಟುವ ಕಟ್ಟಡ ಕಟ್ಟಿದರೆ ಸಾಕೇ, ಚರಂಡಿ ಬೇಡವಾ?

ಇನ್ನೊಂದು. 2018ರ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ಶುರುವಾದಾಗ ಮೊದಲ ವಿಮಾನ ಹಾರಿದ್ದು ಅಬುಧಾಬಿಗೆ. ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಅಬುಧಾಬಿ ಬಂದ ಹಾಗೇ.

ವಿರೋಧ
(ಸೋಮವಾರಪೇಟೆಯವರು, ದುಬೈಯಲ್ಲಿ ನಾಲ್ಕು ವರ್ಷ ಇದ್ದು ಬಂದವರು)

ದುಬೈ ಪರ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನನ್ನನ್ನು ಕೇಳಿದರೆ ಎರಡೂ ಬೇಡ. ಆದರೆ ಅದಕ್ಕೆ ಇಲ್ಲಿ ಜಾಗ ಇಲ್ಲವಂತೆ.

ಮೊದಲು ಮಳೆ ಲೆಕ್ಕ. ಅವತ್ತು ಎಲ್ಲಕ್ಕಿಂತ ಜಾಸ್ತಿ ಸುರಿದದ್ದು ದುಬೈಯಲ್ಲಲ್ಲ, ಅಲ್ ಐನ್ ಭಾಗದ ಖತ್ಮ್ ಅಲ್ ಶಕ್ಲಾದಲ್ಲಿ. 254.8 ಮಿಲಿಮೀಟರ್. ತೋಟದ ಲೆಕ್ಕದಲ್ಲಿ ಹತ್ತು ಇಂಚು. ಅಲ್ ಐನ್ ಇರುವುದು ಅಬುಧಾಬಿ ಎಮಿರೇಟ್‌ನಲ್ಲಿ, ಅಂದರೆ ಅಬುಧಾಬಿ ದೊರೆಯ ರಾಜ್ಯದಲ್ಲೇ. ಅಷ್ಟು ಸಾಕು.

ದುಬೈಯಲ್ಲಿ ಬಗೆಬಗೆಯ ಕೆಲಸ ಸಿಗುತ್ತದೆ, ಎಲ್ಲರಿಗೂ ಗೊತ್ತು. ಬಾಡಿಗೆಯ ವಿಷಯಕ್ಕೆ ನಾನು ಹೋಗುವುದಿಲ್ಲ.

ಮೆಟ್ರೋ ಬಗ್ಗೆ ಮಾತ್ರ ಸುಮ್ಮನಿರಲಾರೆ. 2009ರ ಸೆಪ್ಟೆಂಬರ್ 9ರಿಂದ ಓಡುತ್ತಿದೆ. ಡ್ರೈವರ್ ಇಲ್ಲ, ಹೆಂಗಸರು ಮಕ್ಕಳಿಗೆ ಬೇರೆ ಜಾಗ ಉಂಟು. ಅಮ್ಮ ಎರಡು ತಿಂಗಳು ಬಂದಿದ್ದರು. ಊರಲ್ಲಿ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾದು ಕೂತೇ ಅರ್ಧ ಆಯುಷ್ಯ ಕಳೆದವರು. ಮೂರನೇ ವಾರ, "ನೀನು ಬರಬೇಡ, ನಾನೇ ಹೋಗ್ತೀನಿ" ಅಂದರು. ಮೆಟ್ರೋ ಟಿಕೆಟ್ಟಿನ ನೋಲ್ ಕಾರ್ಡನ್ನು ಸಣ್ಣ ಪರ್ಸಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಫೋನ್ ಮನೆಯಲ್ಲೇ!

ಅಲ್ ಗುಬೈಬಾದಲ್ಲಿ ಇಳಿಯಬೇಕಿತ್ತು. ಒಂದು ನಿಲ್ದಾಣ ಮೊದಲೇ, ಅಲ್ ರಾಸ್‌ನಲ್ಲಿ ಇಳಿದುಬಿಟ್ಟರು. ಅಲ್ಲೇ ಮಸಾಲೆ ಸೂಕ್, ಅಂದರೆ ಮಾರುಕಟ್ಟೆ. ಏಲಕ್ಕಿ ಮೂಸಿ, "ಇದು ಹಳೇ ಮಾಲು" ಅಂತ ಅಂಗಡಿಯ ಮಲಯಾಳಿ ಹುಡುಗನ ಹತ್ತಿರ ವಾದ ಮಾಡಿದ್ದಾರೆ. ಅವನೇ ಟೀ ಕೊಟ್ಟು ಆಬ್ರಾ ದೋಣಿ ಹತ್ತಿಸಿದನಂತೆ. ಊರ ನಡುವೆ ನುಗ್ಗಿರುವ ಕಡಲ ಹಿನ್ನೀರು ಕ್ರೀಕ್ ದಾಟಲು ಒಂದೇ ದಿರ್ಹಮ್. ಮನೆಯಲ್ಲಿ ನಾನು ಅಳುತ್ತಾ ಕೂತಿದ್ದೆ. ಸಂಜೆ ಆರಕ್ಕೆ ಬಂದು, "ಕರಿಮೆಣಸು ನಮ್ಮದಕ್ಕಿಂತ ಸಣ್ಣದು, ರೇಟು ಮಾತ್ರ ದೊಡ್ಡದು" ಅಂದರು.

ಆ ಕಾರ್ಡು ಈಗ ಸೋಮವಾರಪೇಟೆ ಮನೆಯಲ್ಲಿ ಏಲಕ್ಕಿ ಡಬ್ಬಿಯೊಳಗಿದೆ. ಅದರಲ್ಲಿ ಇನ್ನೂ ಹನ್ನೊಂದು ದಿರ್ಹಮ್ ಉಳಿದಿದೆಯಂತೆ.